ಮೂರನೆಯ ಚಾವಿ

"ಜಾಮೀನಿಲ್ಲದೆ ಮನೆ ಕೊಡಬೇಡ ಅತ್ತೆ,"
ಎಂದು ಫೋನಿಟ್ಟ ತಮ್ಮನ ಮಗ ಜುಸ್ತೀನು.
ಅವನಿಗೇನು, ಬ್ಯಾಂಕಿನ ಕುರ್ಚಿ. ಅಲ್ಲಿ
ಒಂದು ಸಹಿಯ ಬೆನ್ನಿಗೆ ಇನ್ನೊಂದು ನಿಂತರೆ
ಕಾಗದ ಗಟ್ಟಿ.

ನನ್ನದು ಪೋರ್ಟೊ ಊರಿನ ಏರುಬೀದಿಯಲ್ಲಿ
ಮೂರಂತಸ್ತಿನ ಸಪೂರ ಮನೆ.
ಕೆಳಗೆ ನಾನು, ನಡುವೆ
ಮಾರಲಾಗದೆ ಉಳಿದ ಗಂಡನ ಹೊಲಿಗೆಯಂತ್ರಗಳು,
ಮೇಲೆ ಬಾಡಿಗೆಯವರು.
ಸೂರು ಸೋರುತ್ತದೆ. ಪಿಂಚಣಿ
ಔಷಧದಂಗಡಿ ದಾಟಿ ಮುಂದೆ ಬರುವುದಿಲ್ಲ.
ದಾನಕ್ಕೆ ಕೂತವಳಲ್ಲ ನಾನು, ಇದು ಮೊದಲೇ ತಿಳಿದಿರಲಿ.

ಹಿಂದೊಮ್ಮೆ ಜಾಮೀನು ತೆಗೆದುಕೊಂಡಿದ್ದೆ.
ಮನೆಗೆ ಬಂದವನು ತೆಲ್ಮು, ಹೊಣೆ ಹೊತ್ತವನು ಅವನ ಮಾವ
ಅಬೀಲಿಯು, ಮತೋಸಿನ್ಯೋಸ್ ಬಂದರಿನಲ್ಲಿ ಬಲೆ ಹೊಲಿಯುವ ಮುದುಕ.
ಸಹಿ ಮಾಡುವಾಗ ಟೋಪಿ ತೆಗೆದು
ಮೊಣಕಾಲ ಮೇಲಿಟ್ಟುಕೊಂಡಿದ್ದ, ಚರ್ಚಿನಲ್ಲಿ ಕೂತ ಹಾಗೆ.
ಎರಡನೇ ಚಳಿಗಾಲಕ್ಕೆ ಮದುವೆ ಮುರಿಯಿತು.
ತೆಲ್ಮು ಲಕ್ಸೆಂಬರ್ಗಿಗೋ ಎಲ್ಲಿಗೋ.
ಐದು ತಿಂಗಳ ಬಾಕಿ.
ಅಳಿಯ ಅಳಿಯನಾಗಿ ಉಳಿದಿರಲಿಲ್ಲ;
ಸಂಬಂಧ ಹರಿದಿತ್ತು, ಸಹಿ ಹರಿದಿರಲಿಲ್ಲ.

ಅಬೀಲಿಯು ವಾದಿಸಲಿಲ್ಲ.
ಬೈದಿದ್ದರೆ ನನಗೂ ನಾಲ್ಕು ಮಾತು ಸಿಗುತ್ತಿದ್ದವು.
ತಿಂಗಳ ಮೊದಲ ಶನಿವಾರ ಬಸ್ಸು ಹತ್ತಿ ಬಂದು
ಮೇಜಿನ ಮೇಲೆ ಎಣಿಸಿಡುತ್ತಿದ್ದ,
ನೋಟಿಗೆ ಡಾಂಬರಿನ ವಾಸನೆ.
ಒಮ್ಮೆಯೂ ಮೇಲೇರಿ ಆ ಕೋಣೆ ನೋಡಲಿಲ್ಲ,
ತಾನು ತೀರಿಸುತ್ತಿರುವುದು ಯಾವ ಕಿಟಕಿಯ ಬೆಳಕಿಗೆ ಎಂದು.
ನಾನೂ ಕರೆಯಲಿಲ್ಲ. ಆಗಲೇ ಅಲ್ಲಿ ಬೇರೆಯವರಿದ್ದರು.
ಎರಡು ಕಂತು ಉಳಿದಿರುವಾಗ ಹೋದ.
ಮಣ್ಣಿಗೆ ಹೋಗಿದ್ದೆ. ಕೈಚೀಲದೊಳಗೆ
ಆ ಕಾಗದವೂ ಇತ್ತು. ಬೇಕೆಂದೇ ಒಯ್ದದ್ದೋ
ತೆಗೆದಿಡಲು ಮರೆತದ್ದೋ, ಈಗ ಕೇಳಬೇಡಿ.

ಕೊಟ್ಟವನು ಕೋಡಂಗಿಯಾದ ಗಾದೆಯಿದೆ,
ಇಸಕೊಂಡವನು ವೀರನಾದದ್ದೂ ಅದರಲ್ಲೇ ಇದೆ.
ನಡುವೆ ನಿಂತವನಿಗೆ
ಗಾದೆಯಲ್ಲೂ ಜಾಗವಿಲ್ಲ.

ಈಗ ಈ ಹುಡುಗಿ, ಕಾಬೊ ವೆರ್ದೆ ದ್ವೀಪದ ಜಾಸೀರಾ.
ಹಗಲು ನರ್ಸ್ ಓದು, ರಾತ್ರಿ ಅದೇ ಆಸ್ಪತ್ರೆಯ ನೆಲ ಒರೆಸುವ ಕೆಲಸ.
ಸಂಬಳದ ಚೀಟಿ ಮೂರೇ ಮೂರು.
ಹೊಣೆಗೆಂದು ಕರೆತಂದಿದ್ದಾಳೆ
ಬುಲ್ಯಾಂವ್ ಮಾರುಕಟ್ಟೆಯ ಮೀನಿನ ಎರ್ಮೀನಿಯಾಳನ್ನು.
ಭಾನುವಾರ ಭಾನುವಾರ ಆಕೆಯ ಕಾಲಿನ ಹುಣ್ಣಿಗೆ
ಪಟ್ಟಿ ಕಟ್ಟುತ್ತಾಳಂತೆ ಇವಳು. ಅಷ್ಟೇ ನಂಟು.

"ಓದು," ಎಂದೆ, "ಏಳನೆಯ ಕಲಮು, ಗಟ್ಟಿಯಾಗಿ."
ಕನ್ನಡಕ ಏರಿಸಿ, ಅಕ್ಷರದ ಮೇಲೆ ಬೆರಳಿಟ್ಟು
ಮುಳ್ಳು ಬಿಡಿಸುವ ಹಾಗೆ ಓದಿದಳು:
ಇವಳು ಕೊಡದಿದ್ದರೆ ನಾನು.
ಇವಳು ಓಡಿಹೋದರೂ ನಾನು.
ಬಾಡಿಗೆ ಏರಿದರೆ ಏರಿದ್ದಕ್ಕೂ ನಾನು.
"ಗೊತ್ತಾಯಿತು," ಎಂದಳು.
"ಮತ್ತೆ ಯಾರು ಹೊರಬೇಕು, ನೀನಾ?"
ಸಹಿ ಹಾಕಿದಳು. ಹೆಸರಿನ ಕೊನೆಯಕ್ಷರ
ಗೆರೆ ದಾಟಿ ಹೋಯಿತು.

ಬೇಡ ಎನ್ನಲಿಲ್ಲ ನಾನು.
ಸೂರಿನ ಮಾತು ಆಗಲೇ ಹೇಳಿದ್ದೇನೆ.
ಅಲಮಾರು ತೆರೆದು ಚಾವಿ ತೆಗೆದೆ.
ಒಂದು ಜಾಸೀರಾಳಿಗೆ. ಒಂದು ನನ್ನ ಗೋಡೆಯ ಮೊಳೆಗೆ.
ಮೂರನೆಯದನ್ನು ಎರ್ಮೀನಿಯಾಳ ಕೈಗಿಟ್ಟೆ:
"ಭಾರ ಹೊರುವವಳಿಗೆ ಬಾಗಿಲಾದರೂ ಗೊತ್ತಿರಲಿ."
ಹುಡುಗಿಯ ಮುಖ ಸಣ್ಣಗಾಯಿತು. ಆಗಲಿ ಬಿಡಿ.
ಹತ್ತೊಂಬತ್ತರ ವಯಸ್ಸಿಗೆ
ಲೋಕದಲ್ಲಿ ಒಂದೇ ಚಾವಿ ಇರಬೇಕು, ಅದೂ ತನ್ನ ಬಳಿ.

ಸಾರ್ಡೀನು ಕೊಳ್ಳಲು ಹೋದಾಗೆಲ್ಲ ಈಗ
ಮೊದಲು ನೋಡುವುದು ತಕ್ಕಡಿ ಪಕ್ಕದ ಕೊಕ್ಕೆಯನ್ನು.
ಅಲ್ಲೇ ತೂಗುತ್ತಿರುತ್ತದೆ ಚಾವಿ,
ಒಂದೆರಡು ಮೀನಿನ ಹುರುಪೆ ಅಂಟಿಸಿಕೊಂಡು.
ಆಕೆ ಇನ್ನೂ ಮೇಲೇರಿ ಬಂದಿಲ್ಲ. ಕಾಲು ನೋವು.
ಬಾಡಿಗೆ ಒಂದನೇ ತಾರೀಕಿಗೇ ಬರುತ್ತಿದೆ, ಸದ್ಯಕ್ಕೆ.
ತೂಕದಲ್ಲಿ ಚೌಕಾಸಿ ಮಾತ್ರ
ನಾನೀಗ ಮಾಡುವುದಿಲ್ಲ.